ಕಂಪನಿ ನಾಟಕದ ತಗಡಿನ ಚಂದ್ರ

ನಾನು ಒಂದು ತಗಡಿನ ಚಂದ್ರ. ಗದಗಿನ ಪೇಂಟರ್ ಹುಸೇನಸಾಬರು ತಗಡನ್ನು ದುಂಡಗೆ ಬಗ್ಗಿಸಿ, ಒಳಗೊಂದು ಬಲ್ಬು ಕೂರಿಸಿ, ಬಾಯಿಗೆ ತೆಳು ಬಿಳಿಬಟ್ಟೆ ಬಿಗಿದು ನನ್ನನ್ನು ಮಾಡಿದರು. ಅಂಚಿನ ಬಣ್ಣ ಆರುವ ಮೊದಲೇ ನಾಟಕ ಕಂಪನಿಯ ಮಾಲೀಕರು ಬಂದು ಎತ್ತಿಕೊಂಡು ಹೋದರು. ಅಂದಿನಿಂದ ನಾನು ಹಗ್ಗದಲ್ಲಿ ತೂಗಾಡಿದ್ದೇ ತೂಗಾಡಿದ್ದು.

ನಮ್ಮ ಕಂಪನಿಗೆ ಅನ್ನ ಹಾಕಿದ್ದು ಒಂದೇ ಒಂದು ಹಾಸ್ಯ ನಾಟಕ. ಅದರಲ್ಲಿ ಎರಡು ಜೋಡಿ. ನಾಯಕನಾಗುತ್ತಿದ್ದ ರಾಜಾಪಾರ್ಟಿನ ದತ್ತಣ್ಣ ನನ್ನ ಕೆಳಗೆ ನಿಂತು ನಾಯಕಿಗೆ, "ಪ್ರಿಯೇ, ನಿನ್ನ ಮುಖದೆದುರು ಈ ಚಂದ್ರನೂ ಮಂಕಾದನು" ಎನ್ನುತ್ತಿದ್ದ. ಅವರು ಒಳಗೆ ಹೋದ ಮೇಲೆ ಆಳು ಮತ್ತು ಕೆಲಸದವಳು ಬರುತ್ತಿದ್ದರು. ಕೆಲಸದವಳು ಸೊಂಟಕ್ಕೆ ಕೈಯಿಟ್ಟು, "ಚಂದ್ರ ಬಂದು ಜ್ವಾಳ ಬೀಸ್ತಾನೇನು? ಮೊದಲ ಎರಡು ಕೊಡ ನೀರು ತಾ, ಆಮ್ಯಾಲೆ ಪ್ರೀತಿ ಮಾತಾಡು" ಎನ್ನುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಎರಡೂ ಜೋಡಿಗೆ ಹಾರ ಬೀಳುತ್ತಿತ್ತು.

ಕೆಲಸದವಳ ಪಾತ್ರ ಅಂಬುಜಾಳದು. ಆಳು ಯಮನೂರಪ್ಪ. ಅವನು ಬಾಯಿ ತೆರೆಯುವ ಮೊದಲೇ ಜನ ನಗಲು ಶುರುಮಾಡುತ್ತಿದ್ದರು. ಅಷ್ಟು ದೊಡ್ಡ ಹಾಸ್ಯಗಾರ.

ರೋಣದಲ್ಲಿ ಕ್ಯಾಂಪು ಹಾಕಿದ್ದಾಗ ಒಂದು ಮಧ್ಯಾಹ್ನ ನನ್ನ ಬಲ್ಬು ಬದಲಿಸಿ, ಆರಿಸದೆ ಬಿಟ್ಟಿದ್ದರು. ಅಂಬುಜಾ ಕೆಳಗೆ ಕುಳಿತು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಯಮನೂರಪ್ಪ ತಲೆಗೆ ಎಣ್ಣೆ ಹಚ್ಚಿ, ಮಡಿಸಿಟ್ಟ ಅಂಗಿ ತೊಟ್ಟು ಬಂದು, ದತ್ತಣ್ಣ ನಿಲ್ಲುವ ಜಾಗದಲ್ಲೇ ನಿಂತ.

"ಅಂಬುಜಾ, ನಿನ್ನ ಮುಖದೆದುರು ಈ ಚಂದ್ರನೂ ಮಂಕಾದನು."

ಅಂಬುಜಾ ತಲೆಯೆತ್ತಿ ನೋಡಿದವಳೇ ನಗತೊಡಗಿದಳು. ಪಕ್ಕದಲ್ಲಿ ಹಾರ್ಮೋನಿಯಂ ಒರೆಸುತ್ತಿದ್ದ ಪೇಟಿ ಮಾಸ್ತರರೂ ನಕ್ಕರು. ಯಮನೂರಪ್ಪ ಮೆಳ್ಳಗಣ್ಣು ಮಾಡಿ, ಮೊಣಕಾಲೂರಲು ಹೋಗಿ ಬೇಕೆಂದೇ ಜಾರಿ ಬಿದ್ದ. ಅಂಗಾತ ಬಿದ್ದವನ ಮುಖವನ್ನು ನಗುತ್ತಿದ್ದವರು ಯಾರೂ ನೋಡಲಿಲ್ಲ. ಮೇಲಿದ್ದ ನನಗೆ ಕಂಡಿತು.

"ಇದನ್ನ ನಾಟಕಕ್ಕ ಸೇರಿಸ್ರಿ" ಎಂದರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಲೀಕರು.

ಸೇರಿಸಿದರು. ಅಂದಿನಿಂದ ಪ್ರತಿ ಆಟದಲ್ಲೂ ಅವನು ಅದೇ ಮಾತನ್ನು ಹೇಳಬೇಕು, ಅವಳು ನಗಬೇಕು, ಅವನು ಬೀಳಬೇಕು. ಊರುಗಳು ಬದಲಾದವು. ದತ್ತಣ್ಣ ಬೇರೆ ಕಂಪನಿ ಸೇರಿದ. ನನ್ನ ಬಟ್ಟೆ ಹಳದಿಯಾಯಿತು. ಯಮನೂರಪ್ಪನಿಗೆ ಸೊಂಟನೋವು ಬಂತು, ಆದರೂ ಬೀಳುತ್ತಿದ್ದ. ಬರುಬರುತ್ತಾ ಅಂಬುಜಾಳ ನಗು ಬಾಯಲ್ಲಷ್ಟೇ ಉಳಿಯಿತು. ಕೆಳಗೆ ಹೀಗೆ ನಡೆಯುವಾಗಲೆಲ್ಲ ನನಗೆ ಆರಿಹೋಗಬೇಕೆನಿಸುತ್ತಿತ್ತು. ಸ್ವಿಚ್ಚು ನನ್ನ ಕೈಯಲ್ಲಿರಲಿಲ್ಲ.

ನೋಡುವವರು ಕಡಿಮೆಯಾಗಿ ಕಡೆಗೆ ಕಂಪನಿಯೇ ನಿಂತಿತು. ಮರುದಿನ ಮಧ್ಯಾಹ್ನ ಥಿಯೇಟರಿನ ಮಾಡಿನ ತಗಡು ಬಿಚ್ಚುತ್ತಿದ್ದರು. ನನ್ನನ್ನು ಇಳಿಸಿ ನೆಲಕ್ಕೆ ಹಾಕಿದ್ದರು. ತಲೆ ನರೆತ ಅಂಬುಜಾ ತನ್ನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಯಮನೂರಪ್ಪ ತನ್ನ ಪೆಟ್ಟಿಗೆಯನ್ನು ಎಳೆದು ತಂದು ಪಕ್ಕದಲ್ಲಿಟ್ಟ.

"ರೋಣದಾಗ ಮೊದಲನೇ ಸಲ ಆ ಮಾತು ಅಂದಿಯಲ್ಲ, ಅದು ಖರೇನ?" ಅಂಬುಜಾ ಕೇಳಿದಳು.

"ಖರೇನ."

"ಮತ್ತ್ಯಾಕ ಬಿದ್ದು ನಗಿಸಿದಿ?"

"ನೀ ನಕ್ಕಿ. ನಗೋರ ಮುಂದ ನಾ ಇನ್ನೇನ ಮಾಡ್ಲಿ? ಅದೇ ನನ್ನ ದುಡಿಮಿ."

"ದತ್ತಣ್ಣನ ಮಾತು ಯಾಕ ತಂದಿ? ನಿನ್ನ ಮಾತಿನಾಗ ಕೇಳಿದ್ರ ನಾ ನಗ್ತಿದ್ದಿಲ್ಲ."

"ನನ್ನ ಮಾತಿಗೆ ಎಲ್ಲಾರೂ ನಗ್ತಾರ. ಅದಕ್ಕ ಅವನ ಮಾತು ಕಡ ತಂದೆ."

ಅಂಬುಜಾ ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಈಗರ ನಿನ್ನ ಮಾತಿನಾಗ ಹೇಳು."

ಯಮನೂರಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ದಣಿದೀನಿ ಅಂಬುಜಾ. ನಿನ್ನ ಬಾಜೂಕ ಕುಂದರಬೇಕು ಅನಸ್ತೈತಿ."

ಅವಳು ನಗಲಿಲ್ಲ. ಸರಿದು ಜಾಗ ಮಾಡಿದಳು. ಅವನು ಸೊಂಟ ಹಿಡಿದುಕೊಂಡು ನಿಧಾನವಾಗಿ ಕುಳಿತ. ಲಾರಿ ಬಂದಾಗ ಡ್ರೈವರ್, ಯಾರ ಪೆಟ್ಟಿಗೆ ಯಾವ ಊರಿಗೆ ಎಂದು ಕೇಳಿದ.

"ಎರಡೂ ಇಳಕಲ್ಲಿಗೆ, ನಮ್ಮ ತಂಗಿ ಮನೀಗೆ" ಎಂದಳು ಅಂಬುಜಾ.

ನಾನು ಈಗ ಒಂದು ಶಾಮಿಯಾನ ಅಂಗಡಿಯ ಗೋದಾಮಿನಲ್ಲಿದ್ದೇನೆ. ಬಲ್ಬಿಲ್ಲ, ಬಟ್ಟೆ ಹರಿದಿದೆ. ಯಾರಾದರೂ ಮತ್ತೆ ಹತ್ತಿಸಲಿ ಎಂಬ ಆಸೆಯೂ ಇಲ್ಲ. ಪ್ರೀತಿಯ ಮಾತಿಗೆಲ್ಲ ನನ್ನ ಬೆಳಕು ಬೇಕೆಂದು ನಂಬಿಕೊಂಡೇ ಆಯಸ್ಸು ಕಳೆದೆ. ತಗಡು ಬಿಚ್ಚಿದ ಆ ದಿನ ಅವರಿಬ್ಬರ ಮೇಲಿದ್ದದ್ದು ಬರೀ ಮಧ್ಯಾಹ್ನದ ಬಿಸಿಲು. ಅದೇ ಸಾಕಾಯಿತು.