ಕಲ್ಲಿನ ಮೇಲೆ ಮೂರನೆಯ ಹೆಸರು

ಹುತ್ತೂರು ರಸ್ತೆಯಿಂದ ನಮ್ಮೂರಿಗೆ ತಿರುಗುವ ಕಡೆ ಯೋಧರ ಸ್ಮಾರಕದ ಕಲ್ಲು ನಿಲ್ಲಿಸಿದ್ದರು. ಎರಡು ಹೆಸರು ಆಗಲೇ ಕೆತ್ತಿಯಾಗಿತ್ತು. ಅರವತ್ತೈದರಲ್ಲಿ ಪಂಜಾಬಿನ ಗಡಿಯಲ್ಲಿ ಗುಂಡು ತಗುಲಿದ ರಾಮಚಂದ್ರಪ್ಪ. ಕಾರ್ಗಿಲ್‌ನಲ್ಲಿ ಗಾಯಾಳುವನ್ನು ಹೊತ್ತು ಇಳಿಯುವಾಗ ಶೆಲ್‌ಗೆ ಸಿಕ್ಕಿದ ವೆಂಕಟ್. ಇಬ್ಬರ ನಡುವೆ ಇನ್ನೊಂದು ಹೆಸರಿನಷ್ಟು ಜಾಗ ಬಿಟ್ಟಿದ್ದರು. ಅದು ನನ್ನ ತಾತನ ಅಣ್ಣ ಕೋದಂಡರಾಮಪ್ಪನದು. ಅದನ್ನು ತುಂಬಲು ಅವನ ಹೆಂಡತಿ ಕದಿರಮ್ಮ, ಅಂದರೆ ನನ್ನ ದೊಡ್ಡಜ್ಜಿ, ಒಪ್ಪಬೇಕಿತ್ತು.

ಎಪ್ಪತ್ತೊಂದರ ಯುದ್ಧದಲ್ಲಿ ನದಿ ದಾಟುವಾಗ ಅವನಿದ್ದ ದೋಣಿ ಮಗುಚಿತು. ಹೆಣ ಸಿಗಲಿಲ್ಲ. ಕಾಣೆಯಾಗಿದ್ದಾನೆ ಎಂದು ಮಾತ್ರ ಮನೆಗೆ ತಿಳಿಸಿದರು. ಅವನ ತಾಯಿ ದೊಡ್ಡಮುನಿಯಮ್ಮ ಅಷ್ಟನ್ನೇ ಹಿಡಿದುಕೊಂಡಳು. ದಿನಾ ಬೆಳಿಗ್ಗೆ ತಾನೇ ಸೊಸೆಯ ಹಣೆಗೆ ಕುಂಕುಮವಿಟ್ಟಳು. ಊರಲ್ಲಿ ಯಾರ ಮದುವೆಯಾದರೂ ಹೆಣ್ಣಿಗೆ ಮೊದಲ ಅರಿಶಿನ ಹಚ್ಚಲು ಸೊಸೆಯನ್ನೇ ಮುಂದೆ ತಳ್ಳಿದಳು. ಇವಳು ಮುತ್ತೈದೆಯಲ್ಲ ಎಂದು ಆ ತಾಯಿಯ ಎದುರು ಹೇಳುವವರು ಯಾರೂ ಇರಲಿಲ್ಲ. ಆಕೆ ಹೋದ ಮೇಲೂ ಅದು ಊರಿನ ಪದ್ಧತಿಯಾಗಿ ಉಳಿಯಿತು. ಮೊದಲ ಅರಿಶಿನ ಕದಿರಮ್ಮನ ಕೈಯದು.

ಶುಕ್ರವಾರ ನನಗೆ ಅರಿಶಿನ ಶಾಸ್ತ್ರ. ಬುಧವಾರ ಸ್ಮಾರಕದ ಕೆಲಸ ನೋಡಿಕೊಳ್ಳುತ್ತಿದ್ದ ನಿವೃತ್ತ ಹವಾಲ್ದಾರ್ ಅಮರನಾಥ್ ಮನೆಗೆ ಬಂದರು.

"ಅಮ್ಮಾ, ಕಲ್ಲು ಕೆತ್ತೋ ಆಂಜಿ ನಾಳೆ ಕೆಲಸ ಮುಗಿಸ್ತಾನೆ. ಹೆಸರು ಹಾಕಿಸೋದಾ ಬೇಡ್ವಾ, ನೀವೇ ಹೇಳ್ಬೇಕು."

ನನ್ನ ಅಮ್ಮ ಒಳಗಿಂದ ಬಂದಳು. "ಮದ್ವೆ ಕಳೀಲಿ ಬಿಡಿ ಅಣ್ಣ. ಇಷ್ಟು ವರ್ಷ ಇಲ್ದಿದ್ದು ಈ ವಾರಾನೇ ಆಗ್ಬೇಕಾ?"

"ಶನಿವಾರ ಉದ್ಘಾಟನೆ ಕಣಮ್ಮ ಆಶಾ. ಆಮೇಲೆ ಕೆತ್ತೋಕಾಗುತ್ತಾ?"

ದೊಡ್ಡಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಇಸವಿ ಹಾಕ್ತೀರಾ?"

"ಎಲ್ರಿಗೂ ಹಾಕಿದೀವಲ್ಲ."

ಅಮ್ಮ ನನ್ನ ಕಡೆ ನೋಡಿದಳು. ಅವಳ ಹೆದರಿಕೆ ನನಗೆ ಅರ್ಥವಾಯಿತು. ಕಲ್ಲು ಎಪ್ಪತ್ತೊಂದು ಎಂದು ಹೇಳಿದರೆ ದೊಡ್ಡಜ್ಜಿ ಇವತ್ತು ವಿಧವೆಯಾಗುವುದಲ್ಲ, ಅಂದಿನಿಂದಲೂ ವಿಧವೆ. ಅವಳ ಕೈಯಿಂದ ಮೊದಲ ಅರಿಶಿನ ಹಚ್ಚಿಸಿಕೊಂಡವರಲ್ಲಿ ಅಮ್ಮನೂ ಒಬ್ಬಳು. ನಾನು ಎಂಟು ವರ್ಷದವಳಿದ್ದಾಗ ಅಪ್ಪ ತೀರಿಕೊಂಡಿದ್ದ.

"ಹಾಕ್ಸಪ್ಪ," ಎಂದಳು ದೊಡ್ಡಜ್ಜಿ. "ನಾನ್ ಹೋದ್ಮೇಲೆ ಅವನ ಹೆಸರು ಯಾರು ಹೇಳ್ತಾರೆ? ನಮ್ಮತ್ತೆಗೋಸ್ಕರ ಅವನನ್ನ ಬದುಕ್ಸಿಟ್ಟಿದ್ದೆ. ನಂಗೆ ಅವತ್ತೇ ಗೊತ್ತಿತ್ತು. ಅವನಿಗೆ ಈಜು ಬರ್ತಿರ್ಲಿಲ್ಲ."

ಗುರುವಾರವೆಲ್ಲ ಉಳಿಯ ಸದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ಶುಕ್ರವಾರ ನಾನು ಹಸೆಯ ಮೇಲೆ ಕೂತೆ. ದೊಡ್ಡಜ್ಜಿ ಬಂದಳು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ಆದರೆ ಮುಂದೆ ಬರದೆ ಗೋಡೆಯ ಪಕ್ಕ ಕೂತಳು. ಅಮ್ಮ ಅರಿಶಿನದ ಬಟ್ಟಲನ್ನು ಪಕ್ಕದ ಮನೆಯ ಮುತ್ತೈದೆ ದೊಡ್ಡಗಂಗಮ್ಮನ ಕಡೆ ಚಾಚಿದಳು.

"ನೀವ್ ಹಚ್ಚಿ ಅಕ್ಕ."

"ನಾನ್ಯಾಕೆ?" ದೊಡ್ಡಗಂಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. "ನಂಗೇ ಹಚ್ಚಿದ್ದು ಅವಳು. ನಮ್ಮ ಯಜಮಾನ್ರಿಗೆ ಎಂಬತ್ತರ ಹತ್ರ ಆಯ್ತು, ಇವತ್ತೂ ಸಾರಿಗೆ ಉಪ್ಪಿಲ್ಲ ಅಂತ ಕೂಗಾಡ್ಬಿಟ್ಟೇ ಹೊರಗೆ ಹೋದ್ರು."

ಹಿಂದೆ ಯಾರೋ ನಕ್ಕರು. ಅಮ್ಮ ನಗಲಿಲ್ಲ.

"ನನ್ನ ಗಂಡ?" ಎಂದಳು.

ನಗು ನಿಂತಿತು.

"ಏಮೇ ಆಶಾ," ದೊಡ್ಡಗಂಗಮ್ಮನ ದನಿ ತಗ್ಗಿತು, "ಅವನನ್ನ ಲಾರಿ ಗುದ್ದಿದ್ದು ಕಣೇ."

"ಗೊತ್ತಿಲ್ದೇ ಮಾಡಿದ್ದು ಬೇರೆ. ಈಗ ಊರಿಗೆಲ್ಲ ಗೊತ್ತು."

"ಯಾವತ್ತು ಗೊತ್ತಿರ್ಲಿಲ್ಲ?" ಎಂದಳು ದೊಡ್ಡಗಂಗಮ್ಮ.

ಯಾವ ಹೆಂಗಸೂ ತಲೆ ಎತ್ತಲಿಲ್ಲ. ಮೊದಲ ಅರಿಶಿನ ಬೀಳುವ ಮುಂಚೆ ಹೆಣ್ಣು ಹಸೆ ಬಿಟ್ಟು ಏಳಬಾರದು. ನಾನು ಎದ್ದು ಹೋಗಿ ದೊಡ್ಡಜ್ಜಿಯ ಎದುರು ಕೂತೆ. ಅಮ್ಮ ಬಟ್ಟಲು ಹಿಡಿದು ಹಿಂದೆಯೇ ಬಂದು ನಿಂತಳು.

"ನೀನು ಕೊಟ್ರೆ ಹಚ್ತೀನಿ ಆಶಾ," ಎಂದಳು ದೊಡ್ಡಜ್ಜಿ. "ಕಿತ್ಕೊಳ್ಳಲ್ಲ."

ಅಮ್ಮ ಬಗ್ಗಿ ಬಟ್ಟಲು ಚಾಚಿದಳು, ಆದರೆ ಅಂಚಿನಿಂದ ಬೆರಳು ಬಿಡಲಿಲ್ಲ. ಅವಳು ಹಿಡಿದುಕೊಂಡಿದ್ದಂತೆಯೇ ದೊಡ್ಡಜ್ಜಿ ಅರಿಶಿನದಲ್ಲಿ ಬೆರಳದ್ದಿ ನನ್ನ ಕೆನ್ನೆಗೆ ಹಚ್ಚಿದಳು.