ನಿಂತು ಎಸೆಯುವವಳು, ಓಡಿ ಆಡುವವಳು

ಅಮೆರಿಕದ ಮಾರ್ಗನ್ ಹಿಲ್‌ನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆ ವರ್ಷ ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು ಎನ್ನುವುದರ ಮೇಲೆ ಇಬ್ಬರು ಅಪ್ಪಂದಿರಿಗೆ ಜಗಳವಾಯಿತು. ಶಿವರಾಜ ತನ್ನ ಮಗಳು ಸ್ನೇಹಲ್ ಬೇಡ, ಕಲೀಮನ ಮಗಳು ಅಫ್ಶೀನ್ ಇರಲಿ ಎನ್ನುತ್ತಿದ್ದ. ಕಲೀಮ ತನ್ನ ಮಗಳು ಬೇಡ, ಸ್ನೇಹಲ್‌ಳೇ ಆಗಬೇಕು ಎನ್ನುತ್ತಿದ್ದ. ತಂಡದ ಉಳಿದ ತಾಯಿತಂದೆಯರು ಇದನ್ನು ಹಳೇ ಸ್ನೇಹಿತರ ಸೌಜನ್ಯ ಎಂದುಕೊಂಡು ನಗುತ್ತಿದ್ದರು.

ಇಬ್ಬರೂ ಹುಬ್ಬಳ್ಳಿಯವರು, ಒಂದೇ ಕಾಲೇಜಿನಲ್ಲಿ ಓದಿದವರು. ಈಗ ಪಕ್ಕದ ಸ್ಯಾನ್ ಹೋಸೆಯಲ್ಲಿ ಬೇರೆ ಬೇರೆ ಆಫೀಸು, ಆದರೆ ಮನೆ ಒಂದೇ ಬಡಾವಣೆಯಲ್ಲಿ. ಕಲೀಮ ತಂಡದ ಕೋಚು. ಶಿವರಾಜ ಅವನ ಕೈಕೆಳಗೆ ರೋಸ್ಟರು ನೋಡಿಕೊಳ್ಳುವವ, ಅಂದರೆ ಯಾರು ಯಾವ ಜಾಗದಲ್ಲಿ ಆಡಬೇಕು, ಯಾರು ಹೊರಗೆ ಕೂರಬೇಕು ಎಂದು ಮೊದಲು ಹೇಳುವವ.

ಅದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ. ಗಂಡು ಹುಡುಗರು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಕೆಡವುತ್ತಾರೆ. ಹುಡುಗಿಯರ ಆಟದಲ್ಲಿ ಕೆಡವುವ ಹಾಗಿಲ್ಲ. ಸೊಂಟದ ಬೆಲ್ಟಿನಿಂದ ಜೋತಾಡುವ ಬಟ್ಟೆಯ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಆಟ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ಳ ಕೈಗೆ. ಅವಳು ಗೆಳತಿಯರ ಮರೆಯಲ್ಲಿ, ಪಾಕೆಟ್ ಎಂದು ಕರೆಯುವ ಆ ಚಿಕ್ಕ ಜಾಗದಲ್ಲಿ ನಿಂತು ದೂರಕ್ಕೆ ಎಸೆಯಬಹುದು. ಇಲ್ಲವೇ ಚೆಂಡನ್ನು ಅವುಚಿಕೊಂಡು ತಾನೇ ಓಡಬಹುದು. ಅಫ್ಶೀನ್ ನಿಂತು ಎಸೆಯುವವಳು. ಸ್ನೇಹಲ್ ಓಡುವವಳು.

ರಂಜಾನ್ ತಿಂಗಳ ಒಂದು ಶನಿವಾರ ಕಲೀಮನ ಮನೆಯಲ್ಲಿ ಇಫ್ತಾರ್ ಮುಗಿದಿತ್ತು. ಹುಡುಗಿಯರಿಬ್ಬರೂ ಮಹಡಿ ಹತ್ತಿ ಹೋದ ಮೇಲೆ, ಮಿರ್ಚಿ ಭಜಿಯ ತಟ್ಟೆ ಪಕ್ಕಕ್ಕೆ ಸರಿಸಿ ಕಲೀಮ ಮಾತು ತೆಗೆದ.

"ನೋಡಪಾ ಶಿವರಾಜ, ನಮ್ಮ ಮುಂದಿನ ಸಾಲಿನ ಹುಡುಗ್ಯಾರು ಸಣ್ಣವರು. ಅಡ್ಡ ನಿಂತರೂ ಯಾರನ್ನೂ ತಡಿಯೂದಿಲ್ಲ. ಅಫ್ಶೀನ್ ಕೈ ಎತ್ತೂದ್ರಾಗ ಅಕಿ ಪಟ್ಟಿ ಕಿತ್ತಿರ್ತಾರ. ನಿನ್ನ ಮಗಳು ತಪ್ಪಿಸ್ಕೊಂಡು ಓಡ್ತಾಳ. ನಮ್ಮ ತಂಡಕ್ಕ ಓಡಾಕಿನ ಬೇಕು."

"ಓಡೂ ಕ್ವಾರ್ಟರ್‌ಬ್ಯಾಕ್ ಇಟ್ಕೊಂಡ್ರ ಇಡೀ ತಂಡ ಅಕಿ ಕಾಲ ಮ್ಯಾಲ ನಿಂತಂಗ," ಎಂದ ಶಿವರಾಜ. "ಒಂದಿನ ಕಾಲು ಉಳುಕಿದ್ರ ಮುಗೀತು. ಅಫ್ಶೀನ್ ಕೈ ನೋಡು, ಎಷ್ಟು ದೂರ ಒಗೀತಾಳ! ನಿಂತು ನೋಡಿ ಆಡೂದ ಶಾಣ್ಯಾತನ. ನಾ ಅಕಿಗೆ ಆಗ್ಲೇ ಹೇಳೇನಿ, ಈ ವರ್ಷ ನೀನ ಅಂತ."

"ನನ್ನ ಕೇಳದ ಹೇಳಿದ್ಯಾ?"

ಶಿವರಾಜ ಭಜಿಯ ತಟ್ಟೆ ತನ್ನ ಕಡೆ ಎಳೆದುಕೊಂಡ. ಕಲೀಮ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಇದು ಆಟದ ಮಾತೋ, ಆಕಾಶನ ಮಾತೋ?"

ಶಿವರಾಜ ಎದ್ದು, "ಸ್ನೇಹಲ್, ಹೋಗೂಣು ಬಾ" ಎಂದು ಕೂಗಿದ.

ಆಕಾಶ ಶಿವರಾಜನ ಹಿರಿಯ ಮಗ. ಹೈಸ್ಕೂಲಿನಲ್ಲಿ ಅವನೂ ಕ್ವಾರ್ಟರ್‌ಬ್ಯಾಕ್, ಅದೂ ಹೆಲ್ಮೆಟ್ಟಿನ ಆಟದಲ್ಲಿ. ಓಟಕ್ಕೆ ಊರಲ್ಲಿ ಹೆಸರಾಗಿದ್ದ ಹುಡುಗ. ಅವನು ಓಡಿದಾಗಲೆಲ್ಲ ಗ್ಯಾಲರಿಯಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಶಿವರಾಜ ಮಾತ್ರ, "ನಿಂತು ಎಸಿಯೋ, ಓಡಬ್ಯಾಡೋ" ಎಂದು ಕನ್ನಡದಲ್ಲಿ ಕೂಗುತ್ತಿದ್ದ. ಕೊನೆಯ ವರ್ಷದ ಒಂದು ಪಂದ್ಯದಲ್ಲಿ ಆಕಾಶನ ತಲೆಗೆ ಪೆಟ್ಟಾಯಿತು. ಅದಕ್ಕೂ ಕೆಲವು ವಾರ ಮೊದಲು ಒಮ್ಮೆ ಆಗಿದ್ದ ಸಣ್ಣ ಪೆಟ್ಟನ್ನು ಹುಡುಗ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ; ಅದು ಮಾಯುವ ಮೊದಲೇ ಎರಡನೆಯದು ಬಿದ್ದಿತ್ತು. ಆ ದಿನ ಶಿವರಾಜ ಆಫೀಸಿನ ಕೆಲಸಕ್ಕೆ ತೈವಾನ್‌ಗೆ ಹೋಗಿದ್ದ. ವಿಮಾನ ಇಳಿದವನು ನೇರವಾಗಿ ಆಸ್ಪತ್ರೆಗೆ ಹೋದ.

ಜೀವ ಉಳಿಯಿತು. ಆದರೆ ಮೊದಲಿನ ಆಕಾಶ ವಾಪಸು ಬರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಗದ್ದಲ ಕೇಳಿದರೆ ವಾಂತಿ. ಮಾತಾಡುತ್ತ ಮಾತಾಡುತ್ತ ಬೇಕಾದ ಶಬ್ದ ಸಿಗದೆ ನಿಂತುಬಿಡುತ್ತಿದ್ದ. ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಬಿಟ್ಟ. ಈಗ ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ಒಂದು ಕ್ಲಾಸು, ಬೆಳಗಿನ ಹೊತ್ತು ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ. ಮನೆಯಲ್ಲಿ ಟೀವಿಯಲ್ಲಿ ಫುಟ್‌ಬಾಲ್ ಬರುವುದು ನಿಂತುಹೋಯಿತು. ಆ ದಿನದ ಬಗ್ಗೆ ಯಾರೂ ಮಾತಾಡಲಿಲ್ಲ. ಪಂದ್ಯದ ವಿಡಿಯೋ ಇದೆ ಎಂದು ಗೊತ್ತಿದ್ದರೂ ಶಿವರಾಜ ನೋಡಲಿಲ್ಲ. ಗ್ಯಾಲರಿಯಲ್ಲಿ ಕೂತು ಕಣ್ಣಾರೆ ಕಂಡಿದ್ದ ಹೆಂಡತಿ ಭುವನೇಶ್ವರಿಯನ್ನೂ ಅವನು ಏನೂ ಕೇಳಲಿಲ್ಲ. ಓಡುವ ಹುಡುಗ, ಓಡುವಾಗಲೇ ಬಿದ್ದ, ಇನ್ನೇನು ಕೇಳುವುದು?

ಎರಡು ವರ್ಷದ ಮೇಲೆ ಸ್ನೇಹಲ್ ತಾನೂ ಆಡುತ್ತೇನೆ ಎಂದಾಗ ಮನೆಯಲ್ಲಿ ರಂಪವಾಯಿತು. ಹುಡುಗಿ ಊಟ ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡಳು. ಕಲೀಮ ಬಂದು, "ಇದ್ರಾಗ ಕೆಡವೂದಿಲ್ಲೋ. ನೀನ ಬಂದು ನಿಂತು ನೋಡು, ನಿನ್ನ ಕಣ್ಣ ಮುಂದ ಆಡ್ಲಿ" ಎಂದ. ಹಾಗೆ ಶಿವರಾಜ ತಂಡಕ್ಕೆ ಸೇರಿದ್ದು.

ಇಫ್ತಾರ್‌ನಿಂದ ಮನೆಗೆ ಬರುವಾಗ ಕಾರಿನಲ್ಲಿ ಸ್ನೇಹಲ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಯ ಒಳಗೆ ಬಂದು ಶೂ ಬಿಚ್ಚುತ್ತ ಇಂಗ್ಲಿಷಿನಲ್ಲಿ ಹೇಳಿದಳು, ತಾನು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡೆ ಎಂದು. "ನನ್ನ ಆಟ ಚೆನ್ನಾಗಿಲ್ಲ ಅಂದರೆ ಒಪ್ಪುತ್ತೇನೆ. ಆದರೆ ನೀವು ನನ್ನ ಆಟ ನೋಡೇ ಇಲ್ಲ ಪಪ್ಪಾ. ನಾನು ಓಡಲು ಶುರು ಮಾಡಿದ ಕೂಡಲೇ ನೀವು ಬೇರೆ ಕಡೆ ತಿರುಗಿಬಿಡುತ್ತೀರಿ." ಕೊನೆಯ ಮಾತೊಂದನ್ನು ಕನ್ನಡದಲ್ಲಿ ಹೇಳಿದಳು, ಅಡ್ಡಾದಿಡ್ಡಿಯಾಗಿ. "ನಾನು ಅಣ್ಣ ಅಲ್ಲ."

ಊಟದ ಟೇಬಲ್ಲಿನ ಹತ್ತಿರ ಆಕಾಶ ಕೂತಿದ್ದ. ದೀಪ ಸಣ್ಣದಾಗಿಸಿ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ರೊಟ್ಟಿ ತಿನ್ನುತ್ತಿದ್ದ.

"ಅಣ್ಣನ ಮುಂದ ಹಂಗೆಲ್ಲ ಮಾತಾಡಬ್ಯಾಡ," ಎಂದ ಶಿವರಾಜ.

"ಮಾತಾಡಲಿ," ಎಂದ ಆಕಾಶ. ಅವನ ಮಾತು ನಿಧಾನ. ಒಂದೊಂದು ಶಬ್ದವನ್ನೂ ಹುಡುಕಿ ಎತ್ತಿಕೊಂಡ ಹಾಗೆ. "ಪಪ್ಪಾ, ಅವಳನ್ನ ಯಾಕೆ ಬೇಡ ಅಂತೀರಿ?"

"ಓಡ್ತಾಳಪಾ ಅಕಿ. ಓಡೂದು ಬ್ಯಾಡ ಅಂತ ನಿನಗೂ ಎಷ್ಟು ಸಲ ಹೇಳಿದ್ದೆ."

"ನಾನು ಅವತ್ತು ಓಡಲಿಲ್ಲ."

ಶಿವರಾಜ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದ.

"ನಿಂತಿದ್ದೆ," ಎಂದ ಆಕಾಶ. "ಪಾಕೆಟಿನಲ್ಲಿ. ಎಸೆಯೋಕೆ ಯಾರಾದರೂ ಸಿಗ್ತಾರಾ ಅಂತ ನೋಡ್ತಾ ಇದ್ದೆ. ಎದುರು ತಂಡದವನೊಬ್ಬ ಹಿಂದಿನಿಂದ ಬಂದ. ನನಗೆ ಕಾಣಿಸಲಿಲ್ಲ."

ಅಡುಗೆಮನೆಯಿಂದ ಭುವನೇಶ್ವರಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಶಿವರಾಜ ಅವಳ ಕಡೆ ತಿರುಗಿದ. ಅವಳು ತಲೆಯಾಡಿಸಿದಳು.

"ಹೌದ್ರೀ. ನಿಂತಿದ್ದ. ಓಡಾಕ ದಾರಿನೂ ಇತ್ತು, ನನಗೂ ಕಾಣಿಸ್ತು. ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ. ಆಸ್ಪತ್ರ್ಯಾಗ ನೀವು ಅವಂಗ 'ಯಾಕ ಓಡಿದ್ಯೋ' ಅಂದಾಗ, ಸಂಕಟಕ್ಕ ಏನೋ ಅಂತಾರ ಅನ್ಕೊಂಡೆ."

ಶಿವರಾಜನಿಗೆ ಆ ಮಾತು ನೆನಪಿತ್ತು. ಕೊಳವೆಗಳ ನಡುವೆ ಮಲಗಿದ್ದ ಮಗನ ಕಿವಿಯ ಹತ್ತಿರ ಬಗ್ಗಿ ತಾನು ಅಂದ ಮೊದಲ ಮಾತು ಅದೇ. ಹುಡುಗನಿಗೆ ಪ್ರಜ್ಞೆ ಇಲ್ಲ ಎಂದುಕೊಂಡಿದ್ದ.

"ನಿನಗ ಕೇಳಿಸಿತ್ತೇನೋ?"

"ಕೇಳಿಸಿತ್ತು. ಆಗ ಮಾತು ಬರ್ತಾ ಇರಲಿಲ್ಲ. ಆಮೇಲೆ..." ಆಕಾಶ ಶಬ್ದಕ್ಕಾಗಿ ಕಾದ. "ಆಮೇಲೆ ಹೇಳಿ ಏನು ಮಾಡೋದು ಅನಿಸಿತು."

"ದಾರಿ ಇತ್ತು ಅಂತಾಳಲ್ಲೋ ನಿಮ್ಮವ್ವ. ಯಾಕ ಓಡಲಿಲ್ಲ ನೀನು?"

ಆಕಾಶ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಟ್ಟೆಗೆ ಹಾಕಿದ. "ಓಡಬೇಕು ಅನಿಸಿತ್ತು," ಎಂದ. "ನಿಂತೆ."

ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ತೈವಾನ್‌ಗೆ ಹೊರಡುವ ಮುನ್ನ ಏರ್‌ಪೋರ್ಟಿನಿಂದ ಫೋನು ಮಾಡಿ, ಈ ಪಂದ್ಯದಲ್ಲಿ ಒಂದು ಸಲ ನನ್ನ ಮಾತು ಕೇಳಿ ನಿಂತು ಆಡು ಎಂದು ಹೇಳಿದ್ದು ಶಿವರಾಜನೇ. ಅವನು ಕುರ್ಚಿ ಎಳೆದು ಕೂತ. ಕೂತಲ್ಲೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಸ್ನೇಹಲ್ ಅಪ್ಪನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಅವಳು ಒಂದು ಕೈಯಲ್ಲಿ ಶೂ ಹಿಡಿದುಕೊಂಡೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ಶಿವರಾಜ ಕಲೀಮನ ಮನೆಗೆ ಹೋಗಿ ಎಲ್ಲ ಹೇಳಿದ. ಕಲೀಮ ಮಧ್ಯೆ ಬಾಯಿ ಹಾಕದೆ ಕೇಳಿದ.

"ಸ್ನೇಹಲ್‌ಳನ್ನ ಹಾಕು. ನಾ ತಂಡ ಬಿಡ್ತೀನಿ," ಎಂದ ಶಿವರಾಜ.

"ನಿನ್ನೆ ಹೆದರಿಕಿಯಿಂದ ಆರಿಸ್ತಿದ್ದಿ, ಇವತ್ತು ಸಂಕಟದಿಂದ ಆರಿಸಾಕತ್ತಿ," ಎಂದ ಕಲೀಮ. "ಎರಡೂ ಒಂದ. ಆಕಾಶನ ವಿಷಯ ನಾ ಹಗುರ ಮಾಡಾಕ ಆಗೂದಿಲ್ಲ ಶಿವರಾಜ. ನಿನ್ನ ತಪ್ಪಿಲ್ಲ ಅಂತ ಸುಳ್ಳು ಸಮಾಧಾನನೂ ಹೇಳೂದಿಲ್ಲ, ನಿಂದ ತಪ್ಪು ಅಂತನೂ ಅನ್ನೂದಿಲ್ಲ. ಆದ್ರ ಇಬ್ಬರು ಹುಡುಗ್ಯಾರು ನಮ್ಮ ಕೈಯಾಗ ಅದಾರ. ಈ ವಾರ ಪ್ರಾಕ್ಟೀಸಿಗೆ ಬಾ, ಅವರನ್ನ ನೋಡು. ನೋಡಿ ಹೇಳು."

ಆ ವಾರ ಶಿವರಾಜ ನೋಡಿದ. ಸ್ನೇಹಲ್ ಓಡಲು ಹೊರಟಾಗ ಕುತ್ತಿಗೆ ತಾನಾಗಿಯೇ ಬೇರೆ ಕಡೆ ಹೊರಳುತ್ತಿತ್ತು. ಬಲವಂತವಾಗಿ ಮತ್ತೆ ಅವಳ ಕಡೆ ತಿರುಗಿಸಿದ. ಆಗ ಕಂಡಿತು: ಅವಳು ಹುಚ್ಚಾಗಿ ಓಡುವವಳಲ್ಲ. ಚೆಂಡು ಕೈಗೆ ಬಂದ ಕೂಡಲೇ ಇಡೀ ಮೈದಾನಕ್ಕೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಎಸೆಯಲು ಸಾಧ್ಯವಿದ್ದರೆ ಎಸೆಯುತ್ತಿದ್ದಳು. ಎಲ್ಲ ಮುಚ್ಚಿಕೊಂಡಾಗ ಮಾತ್ರ ಓಡುತ್ತಿದ್ದಳು, ಓಡುತ್ತಲೂ ಎಸೆಯುವ ಜಾಗ ಹುಡುಕುತ್ತಿದ್ದಳು. ಅಫ್ಶೀನ್ ಉಪವಾಸದಲ್ಲೂ ದಣಿಯದೆ, ಅವಳಿಗಿಂತ ದೂರ, ಅವಳಿಗಿಂತ ನೇರವಾಗಿ ಎಸೆಯುತ್ತಿದ್ದಳು. ಆದರೆ ಎದುರಿನವರು ಹತ್ತಿರ ಬಂದಾಗ ಕಾಲು ನೆಲಕ್ಕೆ ಅಂಟಿಹೋಗುತ್ತಿತ್ತು. ಈ ತಂಡದ ಮುಂದಿನ ಸಾಲು ತಡೆಯಲಾರದ್ದರಿಂದ ಎದುರಿನವರು ಪ್ರತಿ ಸಲವೂ ಹತ್ತಿರ ಬರುತ್ತಿದ್ದರು. ಕಲೀಮ ಹೇಳಿದ್ದು ಸರಿಯಾಗಿತ್ತು.

ಕಷ್ಟದ ಕೆಲಸ ಇನ್ನೂ ಉಳಿದಿತ್ತು. ಪ್ರಾಕ್ಟೀಸು ಮುಗಿದ ಮೇಲೆ ಶಿವರಾಜ ಅಫ್ಶೀನ್‌ಳನ್ನು ಬೆಂಚಿನ ಹತ್ತಿರ ಕರೆದು, ಈ ವರ್ಷ ಸ್ನೇಹಲ್ ಎಂದು ಹೇಳಿದ. ಹುಡುಗಿ ನೀರಿನ ಬಾಟಲಿಯನ್ನು ತೆರೆಯದೆ ಕೈಯಲ್ಲಿ ತಿರುಗಿಸುತ್ತ ಕೂತಳು.

"ಅಂಕಲ್, ನೀವು ಪ್ರಾಮಿಸ್ ಮಾಡಿದ್ದಿರಿ."

"ಹೌದಮ್ಮಾ. ನಿನ್ನ ಆಟ ನೋಡಿ ಮಾಡಿದ ಪ್ರಾಮಿಸ್ ಅಲ್ಲ ಅದು. ನನ್ನ ಹೆದರಿಕೆಗೆ ನಿನ್ನನ್ನ ಅಡ್ಡ ಇಟ್ಟುಕೊಂಡೆ. ಅದು ನಾನು ನಿನಗೆ ಮಾಡಿದ ಅನ್ಯಾಯ."

ಅವಳ ಕಣ್ಣು ತುಂಬಿತು. "ನಾನು ಮನೇಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ," ಎಂದಳು. ಶಿವರಾಜ ಅವಳು ಎದ್ದು ಹೋಗುವ ತನಕ ಪಕ್ಕದಲ್ಲಿ ಕೂತಿದ್ದ. ಎರಡು ಪ್ರಾಕ್ಟೀಸಿಗೆ ಅವಳು ಬರಲಿಲ್ಲ. ಮೂರನೆಯದಕ್ಕೆ ಬಂದಳು. ಶಿವರಾಜನ ಜೊತೆ ಮಾತು ಮಾತ್ರ ಆ ಇಡೀ ಸೀಸನ್ ಅಷ್ಟಕ್ಕಷ್ಟೇ.

ಮೊದಲ ಪಂದ್ಯ ಲಿವರ್‌ಮೋರ್‌ನಲ್ಲಿತ್ತು. ಎದುರಿನ ತಂಡದ ಹುಡುಗಿಯರು ಎತ್ತರದವರು, ಪಳಗಿದವರು. ಸ್ನೇಹಲ್ ಮೊದಲರ್ಧ ಪೂರ್ತಿ ಆಡಿದಳು. ಎರಡನೆಯ ಅರ್ಧದಲ್ಲಿ ಅಂಚಿನ ಗೆರೆಯ ಹತ್ತಿರ ಓಡುವಾಗ, ಪಟ್ಟಿ ಕೀಳಲು ಹಾರಿದ ಹುಡುಗಿಯೊಬ್ಬಳು ಅವಳ ಕಾಲಿಗೆ ಎಡವಿ, ಇಬ್ಬರೂ ಒಟ್ಟಿಗೆ ಬಿದ್ದರು. ಸ್ನೇಹಲ್‌ಳ ತಲೆ ಹುಲ್ಲಿನ ಮೇಲೆ ಹೊರಳಿತು.

ಶಿವರಾಜ ಓಡಿ ಹೋಗಲಿಲ್ಲ. ಧೈರ್ಯದಿಂದಲ್ಲ; ಬೆಂಚಿನ ಅಂಚು ಹಿಡಿದು ನಿಂತಲ್ಲೇ ನಿಂತಿದ್ದ. ಕಲೀಮ ಹೋದ, ಮೈದಾನದ ಡಾಕ್ಟರು ಹೋದರು. ಸ್ನೇಹಲ್ ಎದ್ದು ಕೂತಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ತನ್ನ ಜೊತೆ ಬಿದ್ದ ಹುಡುಗಿಗೆ ಕೈ ಕೊಟ್ಟು ಎಬ್ಬಿಸಿದಳು. ಏನೂ ಆಗಿರಲಿಲ್ಲ. ಆದರೂ ನಿಯಮದ ಪ್ರಕಾರ ಸ್ವಲ್ಪ ಹೊತ್ತು ಹೊರಗೆ ಕೂರಬೇಕಾಯಿತು. ಅವಳ ಜಾಗಕ್ಕೆ ಅಫ್ಶೀನ್ ಹೋಗಿ, ನಿಂತ ನಿಲುವಿನಲ್ಲೇ ಒಂದು ಉದ್ದ ಎಸೆತ ಎಸೆದಳು. ಕೊನೆಯ ಗೆರೆಯಾಚೆ ಗೆಳತಿಯೊಬ್ಬಳು ಅದನ್ನು ಹಿಡಿದಳು, ಟಚ್‌ಡೌನ್ ಆಯಿತು. ತಂಡ ಗಳಿಸಿದ್ದು ಅದೊಂದೇ. ಪಂದ್ಯ ಸೋತರು. ಅಫ್ಶೀನ್ ಮಾತ್ರ ಅಂದು ಮುಖ ಎತ್ತಿಕೊಂಡು ಕಾರು ಹತ್ತಿದಳು.

ಸಂಜೆ ಶಿವರಾಜ ಆಕಾಶನ ರೂಮಿಗೆ ಹೋಗಿ, ಮಂಚದ ಪಕ್ಕ ನೆಲದ ಮೇಲೆ ಕೂತು, ಪಂದ್ಯದ ಕಥೆ ಪೂರ್ತಿ ಹೇಳಿದ. ಇಫ್ತಾರಿನ ರಾತ್ರಿಯ ಮಾತು ಬಿಟ್ಟರೆ, ಆ ಪೆಟ್ಟಿನ ನಂತರ ಅಪ್ಪ ಮಗ ಫುಟ್‌ಬಾಲಿನ ಬಗ್ಗೆ ಮಾತಾಡಿದ್ದು ಅದೇ ಮೊದಲು. ಕೊನೆಗೆ, ಆಸ್ಪತ್ರೆಯಲ್ಲಿ ಅಂದ ಮಾತಿಗೆ ಕ್ಷಮೆ ಕೇಳಿದ. ಫೋನಿನಲ್ಲಿ ಹೇಳಿದ ಮಾತಿಗೂ ಕೇಳಿದ. ಆಕಾಶ ಚಾವಣಿ ನೋಡುತ್ತ ಮಲಗಿದ್ದ.

"ನನಗೆ ಸಿಟ್ಟಿತ್ತು ಪಪ್ಪಾ," ಎಂದ. "ಈಗಲೂ ಒಂದೊಂದು ದಿನ ಬರತ್ತೆ. ಬಂದ ದಿನ ಹೇಳ್ತೀನಿ."

"ಹೇಳು," ಎಂದ ಶಿವರಾಜ.

ಮುಂದಿನ ವಾರ ಆಕಾಶ ತಾನಾಗಿಯೇ ಪ್ರಾಕ್ಟೀಸಿಗೆ ಬರುತ್ತೇನೆ ಎಂದ. ಬಿಸಿಲು ಗುಡ್ಡದ ಹಿಂದೆ ಇಳಿದ ಮೇಲೆ ಕರೆದುಕೊಂಡು ಹೋದರು. ಕಪ್ಪು ಕನ್ನಡಕ ಹಾಕಿ, ಕಿವಿಗೆ ಹತ್ತಿ ಇಟ್ಟುಕೊಂಡು ಬೇಲಿಯ ಪಕ್ಕ ನಿಂತಿದ್ದ. ಹುಡುಗಿಯರು ಕೂಗುವುದನ್ನು ತಾವಾಗಿಯೇ ಕಡಿಮೆ ಮಾಡಿದರು. ಅಷ್ಟಾದರೂ ಅವನಿಂದ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ವಾಪಸು ಬರುವಾಗ ಹೆದ್ದಾರಿ ಸೇರುವ ಮೊದಲೇ ಶಿವರಾಜ ಕಾರು ಪಕ್ಕಕ್ಕೆ ಹಾಕಬೇಕಾಯಿತು. ಆಕಾಶ ಬಾಗಿಲು ತೆರೆದು ವಾಂತಿ ಮಾಡಿಕೊಂಡ. ಶಿವರಾಜ ಇಳಿದು ಬಂದು ಅವನ ಹಣೆ ಹಿಡಿದ, ಬಾಯಿ ತೊಳೆಸಿದ, ತನ್ನ ಅಂಗಿಯ ತೋಳಿನಿಂದಲೇ ಮುಖ ಒರೆಸಿದ.

"ನಾಳೆಯಿಂದ ಬರೂದು ಬ್ಯಾಡಪಾ," ಎಂದ.

ಆಕಾಶ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದ. "ಬರ್ತೀನಿ. ನಾಳೆ ಅಲ್ಲ," ಎಂದ. ಉಸಿರು ತಹಬಂದಿಗೆ ಬಂದ ಮೇಲೆ ಮತ್ತೆ ಹೇಳಿದ, "ಎಸೆಯುವಾಗ ಸ್ನೇಹಲ್ ಮೊಣಕೈ ಕೆಳಗೆ ಇಳೀತಾ ಇದೆ. ಯಾರೂ ಹೇಳಿಲ್ವಾ ಅವಳಿಗೆ?"

"ನನಗ ಕಾಣಿಸಿರಲಿಲ್ಲ," ಎಂದ ಶಿವರಾಜ.

ಅವನು ಕಾರಿನ ಎಂಜಿನ್ ಆರಿಸಿದ. ಮಗನ ತಲೆನೋವು ಇಳಿಯುವ ತನಕ ಇಬ್ಬರೂ ಅಲ್ಲೇ ಕೂತರು.