ಕುದುರಿ ಪಿಕ್ಚರ್ ಮತ್ತು ಕೊಪ್ಪಳದ ಬಸ್ಸು

ತಾವರಗೇರಾದಿಂದ ಕೊಪ್ಪಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಸುರೇಖಾಳಿಗೂ ಡ್ರೈವರ್ ಪಂಪಾಪತಿಗೂ ದಿನಾ ಒಂದು ಜಗಳ. ಜಗಳದ ವಿಷಯ ಕುದುರಿ ಪಿಕ್ಚರು. ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸಿಕೊಂಡು ಓಡುವ ಕುದುರೆಗಳು ಇರುವ ಹಳೆಯ ಇಂಗ್ಲಿಷ್ ಸಿನಿಮಾಗಳನ್ನು ಅವಳ ಚಿಕ್ಕಂದಿನಲ್ಲಿ ಅವರ ಓಣಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಅವಳಪ್ಪ ತಿಮ್ಮಣ್ಣ ಗಂಗಾವತಿಯ ಟಾಕೀಸೊಂದರಲ್ಲಿ ಗೇಟ್ ಕಾಯುತ್ತಿದ್ದ. ಭಾನುವಾರದ ಮಾರ್ನಿಂಗ್ ಶೋಗೆ ಮಗಳನ್ನು ಒಳಗೆ ಕೂರಿಸಿಕೊಂಡು, ತನಗೂ ಇಂಗ್ಲಿಷ್ ಬಾರದಿದ್ದರೂ, ಪರದೆಯ ಮೇಲಿನವರ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ. ಅದೆಲ್ಲ ಅಪ್ಪ ಕಟ್ಟಿ ಹೇಳಿದ್ದೆಂದು ಅವಳಿಗೆ ಗೊತ್ತಾದದ್ದು ಮದುವೆಯಾದ ಮೇಲೆ, ಮೊಬೈಲಿನಲ್ಲಿ ಅವೇ ಸಿನಿಮಾಗಳನ್ನು ಮತ್ತೆ ನೋಡಿದಾಗ. ಆದರೂ ಅಪ್ಪನ ಕಥೆಯೇ ಮೇಲೆನ್ನಿಸಿತ್ತು.

ಪಂಪಾಪತಿಗೆ ಗುಂಡು ಹಾರಬೇಕು.

"ನಿನ್ನಿ ಒಂದು ನೋಡಿದೆ ತಂಗೆವ್ವ," ಎಂದ ಅವನು ಆ ದಿನ ಬಸ್ಸು ಊರು ದಾಟುತ್ತಿದ್ದಂತೆ. "ಭಾಳ ಛಲೋ ಐತಿ. ಕಡೀಕ ಒಬ್ಬನ ಅಷ್ಟೂ ಮಂದಿನ್ನ ಹೊಡದು ಕೆಡವ್ತಾನ."

"ಅದೇನ್ ಛಲೋ ಅಣ್ಣ? ಹೊಡಿಯೋದಕ್ಕಿಂತ ಮೊದಲ ಕಾಯ್ತಾರಲ್ಲ, ಬೀದ್ಯಾಗ ಯಾರೂ ಇರಂಗಿಲ್ಲ, ಒಂದೊಂದ ಕಿಟಕಿ ಮುಚ್ಚತಾವ, ಅಂಥಾವು ನೋಡಬೇಕು."

"ಕಾಯೋದು ನೋಡಾಕ ಪಿಕ್ಚರ್ ಯಾಕ ಬೇಕು? ಬಸ್ ಸ್ಟ್ಯಾಂಡಿಗೆ ಹೋದ್ರ ಸಾಕು," ಎಂದು ಪಂಪಾಪತಿ ನಕ್ಕ.

ಮುಂದಿನ ಕ್ರಾಸಿನಲ್ಲಿ ತಾಯಿ ಮಗಳಿಬ್ಬರು ಹತ್ತಿದರು. ತಾಯಿ ಮಾಳವ್ವನನ್ನು ಸುರೇಖಾ ಸಂತೆಯ ದಿನಗಳಲ್ಲಿ ಕಂಡಿದ್ದಳು. ಮಗಳು ದೀಪಿಕಾ, ಇಪ್ಪತ್ತರ ಆಸುಪಾಸಿನವಳು, ಸೆರಗಿನಂತೆ ದುಪ್ಪಟ್ಟಾ ತಲೆತುಂಬ ಹೊದ್ದಿದ್ದಳು. ಸುರೇಖಾ ಇಬ್ಬರಿಗೂ ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ ಹರಿದು ಕೊಟ್ಟಳು.

"ಅಕ್ಕಾರ, ಹನ್ನೊಂದರೊಳಗ ಕೋರ್ಟಿಗೆ ಮುಟ್ಟತೈತೇನ್ರಿ ಬಸ್ಸು?" ಎಂದಳು ದೀಪಿಕಾ.

ಕೋರ್ಟು ಎಂದದ್ದೇ ಸುರೇಖಾಳಿಗೆ ಎಲ್ಲವೂ ಹೊಳೆಯಿತು. ಹೋದ ವರ್ಷ ಇವರ ಊರಿನ ಹೋಟೆಲಿನ ಒಳಗಿನ ಬೆಂಚಿನ ಮೇಲೆ ಕೂತು ಚಹಾ ಕೇಳಿದ್ದಕ್ಕೆ, ಎದ್ದೇಳೆಂದವರಿಗೆ ಎದುರು ಮಾತಾಡಿದ್ದಕ್ಕೆ, ಯಂಕೇಶ ಎಂಬ ಹುಡುಗನನ್ನು ಹೊಡೆದು ಕೊಂದಿದ್ದರು. ಇವಳು ಅವನ ತಂಗಿ. ಕಣ್ಣಾರೆ ನೋಡಿದವರು ಮೂವರಿದ್ದರು. ಇಬ್ಬರು ಆಗಲೇ ಮಾತು ತಿರುಗಿಸಿದ್ದರು, ಉಳಿದವಳು ಇವಳೊಬ್ಬಳೇ.

"ಪೊಲೀಸರು ಸಂಗಾಟ ಬರ್ತೀವಿ ಅಂದಿದ್ರು. ಕಾದ್ವಿ, ಬರಲಿಲ್ಲ," ಎಂದಳು ಮಾಳವ್ವ ಸಣ್ಣ ದನಿಯಲ್ಲಿ.

ಸುರೇಖಾ ಇಬ್ಬರನ್ನೂ ಎಬ್ಬಿಸಿ ತನ್ನ ಸೀಟಿನ ಹಿಂದೆಯೇ ಕೂರಿಸಿದಳು. ಅಷ್ಟರಲ್ಲಿ ಪಂಪಾಪತಿ ಕನ್ನಡಿಯಲ್ಲಿ ನೋಡುತ್ತ, "ಹಿಂದ ಗಾಡಿ ಬರಾಕತ್ತಾವ," ಎಂದ. ಮೂರು ಬೈಕುಗಳು. ಒಂದು ಮುಂದೆ ಬಂದು ಬಸ್ಸಿನ ಪಕ್ಕದಲ್ಲೇ ಓಡಿತು. ಹಿಂದೆ ಕೂತವನು ಕಿಟಕಿ ಕಿಟಕಿಯಲ್ಲೂ ಇಣುಕಿ, ದೀಪಿಕಾಳ ಕಿಟಕಿಗೆ ಬಂದಾಗ ಸುಮ್ಮನೆ ನಕ್ಕ. ಆಮೇಲೆ ಮೂರೂ ಬೈಕುಗಳು ಭರ್ರನೆ ಮುಂದಕ್ಕೆ ಹೋದವು.

ಮುಂದಿನ ಊರಿನಲ್ಲಿ ಬಿಳಿ ಅಂಗಿಯವನೊಬ್ಬ ಹತ್ತಿ, ಕೊಪ್ಪಳಕ್ಕೆ ಟಿಕೆಟ್ ತೆಗೆದುಕೊಂಡು, ಎಷ್ಟೋ ಸೀಟು ಖಾಲಿ ಇದ್ದರೂ ದೀಪಿಕಾಳ ಬೆನ್ನಿಗೇ ಕೂತ. ಮುಂದಕ್ಕೆ ಬಾಗಿ ಅವನು ಮೆತ್ತಗೆ ಮಾತಾಡುತ್ತಿದ್ದುದು ಸುರೇಖಾಳ ಕಿವಿಗೂ ಬಿತ್ತು.

"ಹೋದಾಂವ ಹೋಗ್ಯಾನ. ಇದ್ದವರು ಊರಾಗ ಬಾಳೇ ಮಾಡಬೇಕಲ್ಲ? ಹಳ್ಳದ ಹತ್ರ ಇಳೀರಿ. ಕುಂತು ಮಾತಾಡೋಣ."

ಮಾಳವ್ವ ಮಗಳ ಕೈ ಹಿಡಿದುಕೊಂಡಳು. ದೀಪಿಕಾ ತಿರುಗಲಿಲ್ಲ. ಸಿನಿಮಾದಲ್ಲಿ ಇಂಥದನ್ನು ಸುರೇಖಾ ಎಷ್ಟು ಸಲ ನೋಡಿದ್ದಳೋ! ಬಂಡಿಯೊಳಗೆ ಸಾಕ್ಷಿ, ಹೊರಗೆ ಕುದುರೆ ಸವಾರರು. ಅಲ್ಲಿ ಬಂಡಿಯವನ ಪಕ್ಕದಲ್ಲಿ ಬಂದೂಕು ಹಿಡಿದವನೊಬ್ಬ ಇರುತ್ತಿದ್ದ. ಇಲ್ಲಿ ಆ ಜಾಗದಲ್ಲಿ ಅವಳೇ ಇದ್ದಳು, ಕೈಯಲ್ಲಿ ಟಿಕೆಟ್ ಮಷೀನು.

ಹಳ್ಳದ ಸೇತುವೆಯ ಬಾಯಿಗೆ ಒಂದು ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಬೈಕುಗಳು ಅಲ್ಲೇ ಇದ್ದವು. ಪಂಪಾಪತಿ ಬ್ರೇಕ್ ಹಾಕಿದ. ಎಂಜಿನ್ ಬಂದ್ ಮಾಡಲಿಲ್ಲ. ಸುರೇಖಾ ಬಾಗಿಲಿನ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮೊಬೈಲಿನಲ್ಲಿ ಪೊಲೀಸರಿಗೆ ಫೋನು ಹಚ್ಚಿ ಜಾಗ, ಬಸ್ಸಿನ ನಂಬರು ಹೇಳಿದಳು. ಬರುತ್ತೇವೆ ಎಂದರು. ಆ ಗುಡ್ಡಗಳ ನಡುವೆ ಅವರು ಬರುವುದು ಯಾವಾಗ?

ಗುಂಪಿನ ಮುಂದಾಳು ಬಾಗಿಲು ಬಡಿದ. "ಕಂಡಕ್ಟರ್ ಅಕ್ಕಾರ, ನಿಮಗೂ ನಮಗೂ ಜಗಳಿಲ್ಲ. ತಾಯಿ ಮಗಳನ್ನ ಇಳಿಸ್ರಿ, ನಿಮ್ಮ ಬಸ್ಸು ಹೋಗ್ಲಿ."

ಬಸ್ಸಿನೊಳಗೆ ಗುಜುಗುಜು ಎದ್ದಿತು. "ಇಳಿಸಿಬಿಡ್ರಿ, ನಮಗ್ಯಾಕ ಊರ ಉಸಾಬರಿ," ಎಂದಿತು ಹಿಂದಿನ ಸೀಟಿನ ಒಂದು ದನಿ. ನಡುವಿನ ಸೀಟಿನಲ್ಲಿದ್ದ ಮುದುಕ ಜಿಲಾನಸಾಬ, ಮೂತ್ರಪಿಂಡದ ಬೇನೆಗೆ ವಾರವಾರ ಕೊಪ್ಪಳದ ಆಸ್ಪತ್ರೆಗೆ ಹೋಗುವವನು, "ನನ್ನ ಪಾಳಿ ತಪ್ಪತೈತ್ರಿ," ಎಂದ. ಅವನ ಮಾತು ಸುಳ್ಳಲ್ಲ. ಸುರೇಖಾಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ತಾನಾಗಿಯೇ ಇಳಿಯುತ್ತೇನೆಂದು ದೀಪಿಕಾ ಎದ್ದುಬಿಟ್ಟರೆ? ಒಂದು ಗಳಿಗೆ, ಹಾಗಾದರೆ ಸಾಕಪ್ಪಾ ಎಂದೂ ಅನ್ನಿಸಿ, ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಗ ಪಂಪಾಪತಿ ತುಟಿ ಅಲುಗಿಸದೆ, "ಬಲಕ್ಕ ನೋಡು," ಎಂದ.

ಸೇತುವೆಯ ಬಲಗಡೆ ಹಳೆಯ ಬಂಡಿದಾರಿ ಹಳ್ಳಕ್ಕಿಳಿದು ಆಚೆ ದಂಡೆ ಹತ್ತುತ್ತಿತ್ತು. ಬೇಸಿಗೆ, ಹಳ್ಳದಲ್ಲಿ ನೀರಿರಲಿಲ್ಲ, ಬರೀ ಉಸುಕು.

"ಆಗತೈತೇನಣ್ಣ?"

"ಗೊತ್ತಿಲ್ಲ. ಅವರನ್ನ ಒಂದೀಟು ಮಾತಾಡ್ಸು."

ಸುರೇಖಾ ಬಾಗಿಲಿನ ಕಿಟಕಿಯಿಂದ ಮುಖ ಹೊರಹಾಕಿದಳು. "ಇಳಿಯೋ ಮಂದಿ ಕೇಳಿದ್ರ ನಾ ಇಳಸ್ತೀನಿ. ಅಕಿ ಕೇಳಿಲ್ಲ. ನೀ ಯಾರಪಾ ಕೇಳಾಕ? ನಿನ್ನ ಹೆಸರೇನು?"

"ಹೆಸರು ಕಟಗೊಂಡು ಏನ್ಮಾಡ್ತಿ? ಬಾಗಿಲು ತಗಿ."

"ಹೇಳಬ್ಯಾಡ ಬಿಡು. ನಿಮ್ಮವ್ವನ್ನ ನಾ ಬಲ್ಲೆ, ಕೆಂಪು ಚೀಲ ಹಿಡಕೊಂಡು ಸೋಮವಾರ ಇದೇ ಬಸ್ಸಿಗೆ ಬರ್ತಾಳ. ಹಿಂದ ನಿಂತಾಂವ ನೀನು, ಮಾರೀಗೆ ಅರಬಿ ಕಟಗೊಂಡ್ರ ಗುರ್ತು ಸಿಗಂಗಿಲ್ಲೇನು? ಐಟಿಐಗೆ ಹೋಗೂಮುಂದ ಎರಡು ವರ್ಷ ಪಾಸು ತೋರಿಸಿ ಹತ್ತೀದಿ. ಎಲ್ಲಾರನ್ನೂ ಬಲ್ಲೆ ನಾನು. ನಾಳೆ ಕೋರ್ಟಿನ್ಯಾಗ ಕೇಳಿದ್ರ ಒಬ್ಬೊಬ್ಬರ ಮಾರಿ ತೋರಿಸಿ ಹೇಳ್ತೀನಿ."

ಮುಖಕ್ಕೆ ಬಟ್ಟೆ ಕಟ್ಟಿದವನು ಒಂದು ಹೆಜ್ಜೆ ಹಿಂದೆ ಸರಿದ. ಮುಂದಾಳಿಗೆ ಅದು ಕಂಡಿತು. ಅವನು ಕಿಟಕಿಯೊಳಗೆ ಕೈ ತೂರಿಸಿ ಸುರೇಖಾಳ ರಟ್ಟೆ ಹಿಡಿದು ಎಳೆದ. ಭುಜ ಕಂಬಿಗೆ ಬಡಿದು ಕಣ್ಣು ಕತ್ತಲಿಟ್ಟಿತು, ಟಿಕೆಟ್ ಮಷೀನು ಮೆಟ್ಟಿಲ ಮೇಲೆ ಬಿತ್ತು. ಅದೇ ಹೊತ್ತಿಗೆ ಒಳಗೆ ಬಿಳಿ ಅಂಗಿಯವನು ಎದ್ದು ದೀಪಿಕಾಳ ದುಪ್ಪಟ್ಟಾಕ್ಕೆ ಕೈ ಹಾಕಿದ. ಹಾಕಿದ ಕೈ ಹಾಗೇ ನಿಂತಿತು. ಜಿಲಾನಸಾಬ ಹಿಂದಿನಿಂದ ಅವನ ಕಾಲರು ಹಿಡಿದು ಸೀಟಿಗೆ ಕುಕ್ಕಿದ್ದ.

"ಸುಮ್ನ ಕುಂದರಪಾ. ಹೆಣ್ಣುಮಗಳ ಮೈಮ್ಯಾಲಿನ ಅರಬಿಗೆ ಕೈ ಹಚ್ತಿ?"

ಮುದುಕನ ಕೈಯಲ್ಲಿ ಎಷ್ಟು ಬಲವಿದ್ದೀತು? ಆದರೆ ಅವನ ಪಕ್ಕದ ಇಬ್ಬರು ಹೆಂಗಸರೂ ಎದ್ದು ನಿಂತರು.

"ರೈಟ್ ಅಣ್ಣಾ!" ಎಂದು ಸುರೇಖಾ ಕೂಗಿದಳು.

ಬಸ್ಸು ಹಿಂದಕ್ಕೆ ಜಗ್ಗಿತು. ರಟ್ಟೆ ಹಿಡಿದವನ ಕೈ ಜಾರಿತು. ಮತ್ತೆ ಮುಂದಕ್ಕೆ ಹೊರಳಿ, ಮೂತಿ ತಗ್ಗಿಸಿ, ಬಂಡಿದಾರಿಗೆ ಇಳಿಯಿತು. ಇಡೀ ಬಸ್ಸು ಎಡಕ್ಕೆ ವಾಲಿದಾಗ ಹೆಂಗಸರು ಕಿರುಚಿದರು, ಮೇಲಿನ ಗಂಟುಗಳು ಉರುಳಿದವು. ಹಿಂದಿನ ಗಾಜು ಒಡೆದ ಸದ್ದಾಯಿತು. ಕಲ್ಲು ಬಂದು ನಡುವಿನ ದಾರಿಯಲ್ಲಿ ಬಿತ್ತು. ಹಳ್ಳದ ನಟ್ಟನಡುವೆ ಹಿಂದಿನ ಗಾಲಿ ಉಸುಕಿನಲ್ಲಿ ಗಿರಗಿರ ತಿರುಗತೊಡಗಿತು. ಬೈಕುಗಳೂ ಕೆಳಗಿಳಿದವು. ಪಂಪಾಪತಿ ಸ್ಟಿಯರಿಂಗಿನ ಮೇಲೆ ಮೈಯೆಲ್ಲ ಹಾಕಿ, ಬಸ್ಸಿಗೆ ಎತ್ತಿಗೆ ಹೇಳಿದಂತೆ, "ಏಳಾ, ಏಳಾ ನನ್ನಪ್ಪಾ," ಎನ್ನುತ್ತಿದ್ದ. ಒಂದು ಬೈಕು ಉಸುಕಿಗೆ ಸಿಕ್ಕು ಬಿತ್ತು. ಅದಕ್ಕೆ ಇನ್ನೊಂದು ಡಿಕ್ಕಿ ಹೊಡೆಯಿತು. ಬಸ್ಸು ಒಮ್ಮೆ ಹಿಂದಕ್ಕೆ ಬಂದು, ಗಟ್ಟಿ ನೆಲ ಕಚ್ಚಿ, ನರಳುತ್ತ ಆಚೆ ದಂಡೆ ಏರಿತು.

ಆಮೇಲೆ ಯಾವ ಸ್ಟಾಪಿನಲ್ಲೂ ಬಸ್ಸು ನಿಲ್ಲಲಿಲ್ಲ. ನಿಲ್ಲಿಸೆಂದು ಯಾರೂ ಕೇಳಲೂ ಇಲ್ಲ. ಪಂಪಾಪತಿ ನೇರ ಕೋರ್ಟಿನ ಗೇಟಿಗೇ ತಂದು ನಿಲ್ಲಿಸಿದ. ಬಿಳಿ ಅಂಗಿಯವನು ಎಲ್ಲರಿಗಿಂತ ಮೊದಲು ಜಿಗಿದು ಜನರಲ್ಲಿ ಮರೆಯಾದ. ದೀಪಿಕಾ ಇಳಿದು, ದುಪ್ಪಟ್ಟಾವನ್ನು ತಲೆಯಿಂದ ತೆಗೆದು ಕೊಡವಿ ಸರಿಮಾಡಿಕೊಂಡು, ತಾಯಿಗಿಂತ ಮುಂದಾಗಿ ಒಳಗೆ ನಡೆದಳು.

ಜಿಲಾನಸಾಬನನ್ನು ಆಸ್ಪತ್ರೆಗೆ ಬಿಟ್ಟು ಬಂದ ಮೇಲೆ, ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಸುರೇಖಾ ಟಿಕೆಟ್ ಮಷೀನಿನ ಧೂಳು ಒರೆಸುತ್ತ ಕೂತಳು. ಎದುರಿಗೆ ಪಂಪಾಪತಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಅಣ್ಣ, ಬಸ್ಸು ಮಗುಚಿದ್ರ?"

"ಅದನ್ನ ಈಗ ಕೇಳ್ತೀ ಏನು?"

ಇಳಿಯುವಾಗ ನಂಬರು ಬರೆಸಿಕೊಂಡಿದ್ದ ಮಾಳವ್ವನ ಫೋನು ಮಧ್ಯಾಹ್ನ ಬಂತು. "ಹೇಳಿದ್ಲು ಯವ್ವಾ. ಒಂದೂ ಬಿಡದ ಹೇಳಿದ್ಲು," ಎಂದಷ್ಟೇ ಹೇಳಿ ಮಾಳವ್ವ ಅಳತೊಡಗಿದಳು.

ಬಸ್ಸನ್ನು ರಸ್ತೆ ಬಿಟ್ಟು ಇಳಿಸಿದ್ದಕ್ಕೆ ಪಂಪಾಪತಿ ಡಿಪೋದಲ್ಲಿ ವಿಚಾರಣೆ ಎದುರಿಸಿದ. ಜಿಲಾನಸಾಬ ತಾನಾಗಿಯೇ ಬಂದು ಹೇಳಿಕೆ ಕೊಟ್ಟ ಮೇಲೆ ಅದು ಅಲ್ಲಿಗೆ ನಿಂತಿತು. ಮಳೆಗಾಲದಲ್ಲಿ ತೀರ್ಪು ಬಂತು: ಯಂಕೇಶನನ್ನು ಕೊಂದವರಿಗೆ ಜೀವಾವಧಿ. ಬಸ್ಸು ತಡೆದವರ ಮೇಲಿನ ಕೇಸು ಬೇರೆ, ಅದಿನ್ನೂ ನಡೆದಿದೆ. ದೀಪಿಕಾ ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ.

ಆ ಕೇಸಿನಲ್ಲಿ ಸಿಕ್ಕಿಬಿದ್ದ ಬಿಳಿ ಅಂಗಿಯವನು ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ವಾರಕ್ಕೊಮ್ಮೆಯಾದರೂ ಅದೇ ಬಸ್ಸಿಗೆ ಕೈ ಮಾಡುತ್ತಾನೆ. ಪಂಪಾಪತಿ ನಿಲ್ಲಿಸುತ್ತಾನೆ. ಅವನು ಹತ್ತಿ ಕೊಪ್ಪಳ ಎನ್ನುತ್ತಾನೆ, ಸುರೇಖಾ ಟಿಕೆಟ್ ಕೊಡುತ್ತಾಳೆ. ಅವನು ಕಿಟಕಿಯ ಹೊರಗೆ ನೋಡುವವರೆಗೂ ಅವಳು ಅವನ ಮುಖದಿಂದ ಕಣ್ಣು ತೆಗೆಯುವುದಿಲ್ಲ.